ಬಾಡಿಗೆ ಕೊಡದೆ ಇಳಿದುಹೋದವರು

ಬೇಸಿಗೆ ಶುರುವಾಗುವ ಹೊತ್ತು. ಜಪಾನಿನ ಇಶಿನೊಮಾಕಿ ರೈಲು ನಿಲ್ದಾಣದ ಬಳಿ ಟ್ಯಾಕ್ಸಿ ಹತ್ತಿದ ಹೆಂಗಸು ದಪ್ಪ ಕೋಟು ತೊಟ್ಟಿದ್ದಳು. ಮಿನಾಮಿಹಾಮಾಕ್ಕೆ ಹೋಗಬೇಕು ಅಂದಳು. ಅಲ್ಲೀಗ ಬರೀ ಬಯಲು, ಪರವಾಗಿಲ್ಲವೇ ಎಂದು ಚಾಲಕ ಕೇಳಿದ. ‘ಹಾಗಾದರೆ ನಾನು ಸತ್ತುಹೋಗಿದ್ದೇನಾ?’ ಹಿಂದಿನ ಸೀಟಿನಿಂದ ನಡುಗುವ ದನಿ. ತಿರುಗಿ ನೋಡಿದರೆ ಯಾರೂ ಇಲ್ಲ.

ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸುವ ಬಿಳಿ ಸೀರೆಯವಳ ಕಥೆ ನಮ್ಮ ಯಾವ ಘಾಟಿಗಿಲ್ಲ? ಆದರೆ ಇಶಿನೊಮಾಕಿಯ ಕಥೆಗಳನ್ನು ಕಲೆಹಾಕಿದ್ದು ಸಮಾಜಶಾಸ್ತ್ರದ ವಿದ್ಯಾರ್ಥಿನಿ. ಸೆಂದಾಯ್ ನಗರದ ತೊಹೊಕು ಗಾಕುಯಿನ್ ವಿಶ್ವವಿದ್ಯಾಲಯದ ಯೂಕಾ ಕುದೊ ತನ್ನ ಪದವಿ ಪ್ರಬಂಧಕ್ಕಾಗಿ ನೂರಕ್ಕೂ ಹೆಚ್ಚು ಟ್ಯಾಕ್ಸಿ ಚಾಲಕರನ್ನು ಮಾತನಾಡಿಸಿದಳು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಆ ಊರೊಂದರಲ್ಲೇ 3,000ಕ್ಕೂ ಹೆಚ್ಚು ಜನ ಸತ್ತಿದ್ದರು. ‘ಆಮೇಲೆ ವಿಚಿತ್ರವಾದದ್ದೇನಾದರೂ ಕಂಡಿರಾ?’ ಎಂದರೆ ಹೆಚ್ಚಿನವರು ಮುಖ ತಿರುಗಿಸಿದರು, ಕೆಲವರು ರೇಗಿದರು. ಬಾಯಿ ಬಿಟ್ಟವರು ಏಳು ಮಂದಿ.

ಅವರಲ್ಲೊಬ್ಬರಿಗೆ ಆಗಸ್ಟ್ ತಿಂಗಳ ನಡುರಾತ್ರಿ ಪುಟ್ಟ ಹುಡುಗಿಯೊಬ್ಬಳು ಸಿಕ್ಕಿದ್ದಳು. ಸೆಖೆಗಾಲದಲ್ಲೂ ಕೋಟು, ಕುತ್ತಿಗೆಗೆ ಮಫ್ಲರು, ಕಾಲಿಗೆ ಬೂಟು. ಒಬ್ಬಳೇ ಇದ್ದೇನೆ ಅಂದವಳನ್ನು ಹತ್ತಿಸಿಕೊಂಡು, ಅವಳು ಹೇಳಿದ ಮನೆಯ ಹತ್ತಿರ ನಿಲ್ಲಿಸಿ, ಕೈಹಿಡಿದು ಇಳಿಸಿದರು. ‘ಥ್ಯಾಂಕ್ಸ್ ಮಾಮ’ ಅಂದಳಂತೆ. ಹಿಡಿದ ಕೈ ಹಿಡಿದಂತೆಯೇ ಇತ್ತು, ಹುಡುಗಿ ಇರಲಿಲ್ಲ.

ಕುದೊ ಕಥೆ ಕೇಳಿ ಸುಮ್ಮನಾಗಲಿಲ್ಲ. ಚಾಲಕರ ದಿನಚರಿ, ಪ್ರಯಾಣದ ದಾಖಲೆಗಳನ್ನೂ ವಿಚಾರಿಸಿದಳು. ಪ್ರಯಾಣಿಕರು ಹತ್ತಿದಾಗ ಮೀಟರ್ ಹಾಕಿದ್ದರಿಂದ ಬಾಡಿಗೆ ಏರಿತ್ತು, ಅದನ್ನು ಚಾಲಕರೇ ಕೈಯಿಂದ ತುಂಬಿದ್ದರು. ಮೀಟರ್ ಓಡಿದ್ದು ಭೂತಕ್ಕೆ ಪುರಾವೆಯೇನಲ್ಲ. ಆದರೆ ಸ್ವಂತ ಜೇಬಿಗೆ ಕತ್ತರಿ ಹಾಕಿಕೊಂಡು ಬುರುಡೆ ಬಿಡುವವರು ಅಪರೂಪ. ಇನ್ನೂ ಗಮನಿಸಬೇಕಾದ್ದು, ಅವರ್‍ಯಾರೂ ಹೆದರಿರಲಿಲ್ಲ ಎಂಬುದು. ಸುನಾಮಿಗೆ ತಮ್ಮವರನ್ನು ಕಳೆದುಕೊಂಡವರು ಅವರಲ್ಲೂ ಇದ್ದರು. ಅಂಥ ಪ್ರಯಾಣಿಕರು ಮತ್ತೆ ಕೈ ಅಡ್ಡ ಹಿಡಿದರೆ ಮತ್ತೆ ಹತ್ತಿಸಿಕೊಳ್ಳುತ್ತೇವೆ ಎಂಬ ಮಾತೂ ಬಂತು.

ಟಿವಿಯ ಭೂತಬೇಟೆಗಾರರು ಪಾಳುಬಂಗಲೆಗೆ ನುಗ್ಗಿ, ಕೈಲಿ ಮಿಣಮಿಣ ಮಿನುಗುವ ಯಂತ್ರ ಹಿಡಿದು, ‘ಇದ್ದರೆ ಸದ್ದು ಮಾಡು’ ಎಂದು ಕತ್ತಲೆಗೆ ಸವಾಲು ಹಾಕುತ್ತಾರೆ. ಕುದೊ ಹಿಡಿದ ದಾರಿ ಬೇರೆ: ಕಂಡವರ ಪಕ್ಕ ಕೂತು ಕೇಳುವುದು. ಭೂತದ ಬಗ್ಗೆ ಏನಾದರೂ ತಿಳಿಯುವುದಿದ್ದರೆ ಈ ದಾರಿಯಲ್ಲೇ ಹೆಚ್ಚು ತಿಳಿದೀತು.

ಅದೇ ದಾರಿಯಲ್ಲಿ ಇನ್ನೂ ದೂರ ನಡೆದವರು ತೈಯೊ ಕನೆತಾ. ಮಿಯಾಗಿ ಪ್ರಾಂತದ ಒಳನಾಡಿನ ಕುರಿಹಾರಾ ಎಂಬ ಊರಿನ ಝೆನ್ ದೇವಾಲಯದ ಪುರೋಹಿತರು. ಸುನಾಮಿಯಾದ ಮೇಲೆ ಕರಾವಳಿಯ ಚಿತಾಗಾರಗಳು ಸಾಲದೆ ಶವಗಳು ಕುರಿಹಾರಾಕ್ಕೆ ಬಂದವು. ಮುಂದಿನ ಒಂದು ತಿಂಗಳಲ್ಲಿ ಕನೆತಾ ಸುಮಾರು 200 ಮಂದಿಯ ಅಂತ್ಯಸಂಸ್ಕಾರ ನಡೆಸಿದರು. ನಲವತ್ತೊಂಬತ್ತನೆಯ ದಿನ, ಬೌದ್ಧರಲ್ಲಿ ಸತ್ತವರ ಪಯಣ ಮುಗಿಯುವ ದಿನ, ಇತರ ಪುರೋಹಿತರು ಮತ್ತು ಒಬ್ಬ ಕ್ರೈಸ್ತ ಪಾದ್ರಿಯ ಜೊತೆ ಕಡಲ ದಂಡೆಯತ್ತ ನಡೆದರು. ಅವಶೇಷಗಳ ನಡುವೆ ಮಂತ್ರ ಹೇಳಹೋದರೆ ಗಂಟಲೇ ಕಟ್ಟಿತು.

ಆಮೇಲೆ ಅವರು ಉಪದೇಶ ಬಿಟ್ಟು ಕಾಫಿ ಹಿಡಿದರು! ‘ಕೆಫೆ ದೆ ಮಂಕ್’ ಎಂಬ ಸಂಚಾರಿ ಕಾಫಿ ಅಂಗಡಿಯೊಂದಿಗೆ ನಿರಾಶ್ರಿತರ ತಾತ್ಕಾಲಿಕ ಮನೆಗಳ ಬಳಿ ಹೋಗಿ, ಕಾಫಿ, ಕೇಕು ಹಂಚಿ, ಥೆಲೋನಿಯಸ್ ಮಂಕ್‌ನ ಜಾಝ್ ಹಾಕಿ ಕೂರುತ್ತಿದ್ದರು. ಜನ ಮೊದಲು ಅದೂ ಇದೂ ಮಾತಾಡಿ, ನಿಧಾನಕ್ಕೆ ಭೂತಗಳ ಸುದ್ದಿಗೆ ಬರುತ್ತಿದ್ದರು.

ಕನೆತಾರ ಬಳಿ ಬಂದವರ ಕಥೆಗಳನ್ನು ಬ್ರಿಟಿಷ್ ಪತ್ರಕರ್ತ ರಿಚರ್ಡ್ ಲಾಯ್ಡ್ ಪ್ಯಾರಿ ಹೆಸರು ಬದಲಿಸಿ ದಾಖಲಿಸಿದ್ದಾರೆ. ಒಬ್ಬಾತ ಕಟ್ಟಡ ಕೆಲಸದವನು. ಅನಾಹುತವಾದ ಕೆಲವೇ ದಿನಕ್ಕೆ ಮನೆಯವರೊಂದಿಗೆ ಕರಾವಳಿ ನೋಡಿಬರಲು ಹೋಗಿದ್ದ, ಐಸ್‌ಕ್ರೀಮ್ ತಿಂದಿದ್ದ. ಮನೆಗೆ ಮರಳಿದ ರಾತ್ರಿಯಿಂದ ಅಂಬೆಗಾಲಿಟ್ಟು ಚಾಪೆ ನೆಕ್ಕುವುದು, ಕೆಸರಲ್ಲಿ ಹೊರಳುವುದು, ಎಲ್ಲರೂ ಸಾಯಬೇಕೆಂದು ಅರಚುವುದು. ಕನೆತಾ ಪ್ರಜ್ಞಾಪಾರಮಿತಾ ಹೃದಯ ಸೂತ್ರ ಪಠಿಸಿ ತೀರ್ಥ ಪ್ರೋಕ್ಷಿಸಿದರು, ಆತ ಚೇತರಿಸಿಕೊಂಡ. ಅಷ್ಟಕ್ಕೇ ಬಿಡಲಿಲ್ಲ, ಅಷ್ಟು ಸಾವಾದ ಜಾಗಕ್ಕೆ ವಿಹಾರಕ್ಕೆ ಹೋದಂತೆ ಹೋಗಿದ್ದಕ್ಕೆ ಬೈದರು. ಕರುಣೆಯಲ್ಲಿ ಗದರಿಕೆಗೂ ಜಾಗವಿದೆ.

ಮತ್ತೊಬ್ಬ ಯುವತಿಯ ಮೈಮೇಲೆ ಒಂದರ ಹಿಂದೊಂದು 25 ಆತ್ಮಗಳು ಬಂದವಂತೆ. ಅದರಲ್ಲೊಂದು, ತಮ್ಮನ ಕೈಬಿಟ್ಟೆನೆಂದು ಕೊರಗುವ ಪುಟ್ಟ ಹುಡುಗಿ. ಕನೆತಾ ಅವಳನ್ನು ಓಡಿಸಲು ನೋಡಲಿಲ್ಲ. ಅವರ ಹೆಂಡತಿ ಯುವತಿಯ ಕೈಹಿಡಿದು ತಾಯಿಯ ಹಾಗೆ ಸಮಾಧಾನ ಮಾಡುತ್ತಿದ್ದರೆ, ಪುರೋಹಿತರು ಆ ‘ಹುಡುಗಿ’ಯನ್ನು ಬೆಳಕಿನ ಕಡೆ ನಡೆಸಿದರು. ಇದು ನಿಜಕ್ಕೂ ಆತ್ಮವೋ ಮನಸ್ಸಿನ ಗಾಯವೋ ಎಂಬ ಪ್ರಶ್ನೆಗೆ ಕನೆತಾ ಗಂಟುಬೀಳುವುದಿಲ್ಲ. ಎದುರಿಗಿರುವವರ ಸಂಕಟ ನಿಜ, ಕನೆತಾರ ಮಟ್ಟಿಗೆ ಅಲ್ಲಿಂದಲೇ ಕೆಲಸ ಶುರು.

ವಿಜ್ಞಾನ ಇದಕ್ಕೆ ಮೂಗು ಮುರಿಯಬೇಕಿಲ್ಲ. ವೇಲ್ಸ್‌ನ ವೈದ್ಯ ಡೆವಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಸತ್ತವರ ಇರುವಿಕೆ ಒಂದಲ್ಲ ಒಂದು ಬಗೆಯಲ್ಲಿ ಅನುಭವಕ್ಕೆ ಬಂದಿತ್ತು. ಶೇ. 14ರಷ್ಟು ಮಂದಿ ಕಣ್ಣಾರೆ ಕಂಡಿದ್ದರು. ಬಹುಪಾಲು ಜನ ಅದನ್ನು ಅಲ್ಲಿಯವರೆಗೆ ಯಾರ ಬಳಿಯೂ ಹೇಳಿಕೊಂಡಿರಲಿಲ್ಲ. ಕೇಳಿದವರು ನಕ್ಕಾರು ಎಂಬ ಅಂಜಿಕೆಯೂ ಇತ್ತು. ಅನೇಕರಿಗೆ ಆ ಅನುಭವ ಆಸರೆಯೇ ಆಗಿತ್ತು ಎನ್ನುತ್ತಾರೆ ರೀಸ್.

ಜಪಾನಿನಲ್ಲಿ ಈ ಬಗೆಯ ಕೇಳುವಿಕೆಗೆ ಈಗ ಪಾಠಪಟ್ಟಿಯೇ ಇದೆ. ಮನೆಮನೆಗೆ ಹೋಗಿ ಸಾಯುತ್ತಿರುವವರ ಆರೈಕೆ ಮಾಡುತ್ತಿದ್ದ ಮಿಯಾಗಿಯ ವೈದ್ಯ ತಕೇಶಿ ಒಕಾಬೆ, ಕೊನೆಗಾಲದಲ್ಲಿ ತೀರಿಹೋದ ಬಂಧುಗಳು ಕರೆಯಲು ಬಂದಂತೆ ಕಾಣುವುದನ್ನು ರೋಗದ ಲಕ್ಷಣವೆಂದು ತಳ್ಳಿಹಾಕದೆ, ರೋಗಿಗಳ ಮನೆಯವರಲ್ಲಿ ಸಮೀಕ್ಷೆ ನಡೆಸಿದ್ದರು. ಸ್ವತಃ ಕ್ಯಾನ್ಸರ್ ಪೀಡಿತರಾಗಿದ್ದ ಅವರ ಒತ್ತಾಸೆಯಿಂದ 2012ರಲ್ಲಿ ತೊಹೊಕು ವಿಶ್ವವಿದ್ಯಾಲಯದಲ್ಲಿ ಪುರೋಹಿತರು, ಪಾದ್ರಿಗಳಿಗೆ ಆಸ್ಪತ್ರೆಗಳಲ್ಲಿ, ಸಂತ್ರಸ್ತರ ನಡುವೆ ದುಡಿಯುವ ತರಬೇತಿ ಶುರುವಾಯಿತು. ಅದರ ಕಟ್ಟುನಿಟ್ಟಿನ ನಿಯಮ, ತಮ್ಮ ಧರ್ಮವನ್ನು ಬೋಧಿಸಕೂಡದು ಎಂಬುದು. ಒಕಾಬೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.