ಶಾಸಕರ ಸಂಬಳ: ನಮ್ಮ ಹತ್ತು ರೂಪಾಯಿಯ ಲೆಕ್ಕ

ಇಂಡಿಯ ಹುಡುಗನೊಬ್ಬ ಶಾಲೆಗೆ ಹೋಗಲು ಹೊಸ ಸೈಕಲ್ ಕೊಳ್ಳುತ್ತಾನೆ ಎನ್ನಿ. ಸಿಂದಗಿಯ ರೈತ ತೊಗರಿ ಹೊಲ ಹರಗಲು ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುತ್ತಾನೆ. ಮುದ್ದೇಬಿಹಾಳದ ತಾಯಿ ಅಂಗಡಿಯಿಂದ ಸಾಬೂನು ತರುತ್ತಾಳೆ. ಬಸವನ ಬಾಗೇವಾಡಿಯಲ್ಲಿ ಮನೆ ಕಟ್ಟುವವರು ಸಿಮೆಂಟ್ ತರಿಸುತ್ತಾರೆ. ಇವರಲ್ಲಿ ಯಾರನ್ನಾದರೂ ‘ನೀವು ತೆರಿಗೆ ಕಟ್ಟುತ್ತೀರಾ?’ ಎಂದು ಕೇಳಿ ನೋಡಿ. ‘ಇಲ್ರೀ, ಅದೆಲ್ಲ ದೊಡ್ಡ ಮಂದೀದು’ ಎಂದಾರು.

ಅದು ತಪ್ಪು ಉತ್ತರ. ಸೈಕಲ್ಲಿಗೂ ಸಾಬೂನಿಗೂ 2025ರ ಸೆಪ್ಟೆಂಬರ್ 22ರಿಂದ ಶೇ 5ರಷ್ಟು ಸರಕು ಮತ್ತು ಸೇವಾ ತೆರಿಗೆ ಇದೆ. ಸಿಮೆಂಟಿಗೆ ಶೇ 18. ಇದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆಯನ್ನು 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿಸಲಾಯಿತು. ನಾಲ್ಕು ಸಾವಿರ ರೂಪಾಯಿಯ ಸೈಕಲ್ಲಿಗೆ 200 ರೂಪಾಯಿ ತೆರಿಗೆ. ಅದರಲ್ಲಿ 100 ರೂಪಾಯಿ ಬೆಂಗಳೂರಿನ ಬೊಕ್ಕಸಕ್ಕೆ. ಹನಿ ಹನಿ ಗೂಡಿದರೆ ಹಳ್ಳ. ಆ ಹಳ್ಳದಿಂದಲೇ ಶಾಲೆಗೆ ಹಣ, ರಸ್ತೆಗೆ ಹಣ, ಪೊಲೀಸರಿಗೆ ಹಣ. ಶಾಸಕರ ಸಂಬಳ, ಭತ್ಯೆ, ಪಿಂಚಣಿಗಳೂ ಅದರಿಂದಲೇ.

ವಿಜಯಪುರ ಜಿಲ್ಲೆಯ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕು. ಈ ನಾಲ್ಕು ಕ್ಷೇತ್ರಗಳ ಪ್ರತಿನಿಧಿಗಳಿಗೂ ಸೇರಿ ರಾಜ್ಯದ ಶಾಸಕರಿಗೆ ಜನ ಕೊಡುವುದೆಷ್ಟು? ಅದನ್ನು ಗೊತ್ತುಮಾಡುವವರು ಯಾರು? ಸಮಾಜ ವಿಜ್ಞಾನದ ಪುಸ್ತಕದಲ್ಲಿ ‘ಶಾಸಕಾಂಗ’ ಎಂಬ ಪಾಠ ಓದುವ ಮಕ್ಕಳಿಗೂ, ಮಕ್ಕಳಿಗೆ ಆ ಪಾಠ ಹೇಳಿಕೊಡುವ ತಂದೆ-ತಾಯಿಯರಿಗೂ ತಿಳಿದಿರಬೇಕಾದ ಲೆಕ್ಕ ಇದು.

ಸಂಬಳ ಏಕೆ ಬೇಕು?

‘ಜನಸೇವೆ ಮಾಡುವವರಿಗೆ ಸಂಬಳ ಏಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಳೆಯದು; ಉತ್ತರವೂ ಹಳೆಯದೇ. ಇಂಗ್ಲೆಂಡಿನಲ್ಲಿ ಸಂಸತ್ ಸದಸ್ಯರಿಗೆ ಸಂಬಳವಿಲ್ಲದ ಕಾಲದಲ್ಲಿ ಜಮೀನ್ದಾರರು, ಸಿರಿವಂತರು ಮಾತ್ರ ಅಲ್ಲಿ ಕೂರಬಲ್ಲವರಾಗಿದ್ದರು. ಕೂಲಿಕಾರನೊಬ್ಬ ಕೆಲಸ ಬಿಟ್ಟು ಸಂಸತ್ತಿಗೆ ಹೋದರೆ ಮನೆಯ ಒಲೆ ಉರಿಯುವುದು ಹೇಗೆ? ಆದ್ದರಿಂದಲೇ 1838ರಲ್ಲಿ ಚಾರ್ಟಿಸ್ಟ್ ಚಳವಳಿಯ ಕಾರ್ಮಿಕರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಸದಸ್ಯರಿಗೆ ಸಂಬಳ ಕೊಡಬೇಕೆಂಬುದೂ ಒಂದಾಗಿತ್ತು. ಅದು ಕೈಗೂಡಲು 1911ರವರೆಗೆ ಕಾಯಬೇಕಾಯಿತು. ಆಗ ಗೊತ್ತಾದ ಸಂಬಳ ವರ್ಷಕ್ಕೆ 400 ಪೌಂಡ್. ಬಡವನೂ ಶಾಸನ ಮಾಡುವ ಸಭೆಯಲ್ಲಿ ಕೂರಲಿ ಎಂಬುದೇ ಈ ಸಂಬಳದ ಮೂಲ ಉದ್ದೇಶ.

ನಮ್ಮಲ್ಲಿ ಅದರ ಜತೆ ಇನ್ನೊಂದು ವಿಚಾರವೂ ಬೆಳೆಯಿತು. ಸರ್ಕಾರದ ಸೇವೆಯಲ್ಲಿರುವವರ ಸಂಬಳ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿ ಮೀರಬಾರದು ಎಂದು 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ನಿರ್ಣಯಿಸಿತು. 1937ರಲ್ಲಿ ಪ್ರಾಂತಗಳಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಗಳು 500 ರೂಪಾಯಿಯನ್ನೇ ಸಂಬಳವಾಗಿ ಒಪ್ಪಿಕೊಂಡರು. ಆಗ ವಿಜಯಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಈ ನಾಲ್ಕೂ ತಾಲ್ಲೂಕುಗಳ ಹಿರಿಯರು ಅಂಥ ಮಂತ್ರಿಮಂಡಲವನ್ನು ಕಂಡವರೇ. 1956ರ ನವೆಂಬರ್ 1ರಂದು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಬಂತು. ಇಲ್ಲಿನ ಶಾಸಕರ ಸಂಬಳ, ಪಿಂಚಣಿ ಮತ್ತು ಭತ್ಯೆಗಳಿಗೆ ಇಂದಿಗೂ ಆಧಾರವಾಗಿರುವ ಕಾಯಿದೆ ಆ 1956ರದ್ದೇ. ಅದಕ್ಕೆ ಮಾಡಿದ ತಿದ್ದುಪಡಿಗಳ ಪಟ್ಟಿ ಮಾತ್ರ ಉದ್ದವಾಗುತ್ತಲೇ ಬಂದಿದೆ.

ಏರಿದ ಬಗೆ

ಈಚಿನ ತಿದ್ದುಪಡಿಗಳನ್ನೇ ನೋಡಿ. 2022ರ ಫೆಬ್ರುವರಿಯಲ್ಲಿ ಶಾಸಕರ ಮಾಸಿಕ ವೇತನ 25,000 ರೂಪಾಯಿಯಿಂದ 40,000ಕ್ಕೆ ಏರಿತು. ಮುಖ್ಯಮಂತ್ರಿಯದು 50,000ದಿಂದ 75,000ಕ್ಕೆ. ಆಗ ಬಿಜೆಪಿ ಸರ್ಕಾರವಿತ್ತು. ಮೂರು ವರ್ಷ ಕಳೆದು 2025ರ ಮಾರ್ಚ್ 21ರಂದು ಕಾಂಗ್ರೆಸ್ ಸರ್ಕಾರ ತಂದ ಮಸೂದೆಗಳು ಅಂಗೀಕಾರವಾದವು. ಅವುಗಳ ಪ್ರಕಾರ ಶಾಸಕರ ವೇತನ 40,000ದಿಂದ 80,000. ಸಚಿವರದು 60,000ದಿಂದ 1.25 ಲಕ್ಷ, ಮುಖ್ಯಮಂತ್ರಿಯದು 75,000ದಿಂದ 1.5 ಲಕ್ಷ, ವಿಧಾನಸಭೆಯ ಸಭಾಧ್ಯಕ್ಷರು ಮತ್ತು ಪರಿಷತ್ತಿನ ಸಭಾಪತಿಯವರದು 75,000ದಿಂದ 1.25 ಲಕ್ಷ. ಮಾಜಿ ಶಾಸಕರ ಪಿಂಚಣಿ 50,000ದಿಂದ 75,000.

ಎರಡೂ ಸಲ ಒಂದು ಹೋಲಿಕೆ ಕಾಣುತ್ತದೆ. 2022ರಲ್ಲಿ ಸಚಿವರೊಬ್ಬರ ಹೇಳಿಕೆಯ ಬಗ್ಗೆ ಸದನದಲ್ಲಿ ಧರಣಿ, ಘೋಷಣೆ ನಡೆದಿತ್ತು. 2025ರಲ್ಲಿ ಬೇರೆ ವಿಷಯಕ್ಕೆ ಕೋಲಾಹಲ. ಅದೇ ದಿನ ವಿರೋಧ ಪಕ್ಷದ 18 ಸದಸ್ಯರ ಅಮಾನತು ಕೂಡ ಆಯಿತು. ಎರಡೂ ಸಲ ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ ಸಂಬಳದ ಮಸೂದೆ ಪಾಸಾಯಿತು. ಉಳಿದೆಲ್ಲದಕ್ಕೂ ಕಿತ್ತಾಡುವ ಪಕ್ಷಗಳಿಗೆ ಈ ಒಂದು ವಿಷಯದಲ್ಲಿ ಮಾತೇ ಬೇಕಾಗಲಿಲ್ಲ.

ಒಂದು ಲೆಕ್ಕ

ಈಗ ಮಕ್ಕಳು ಪೆನ್ಸಿಲ್ ಹಿಡಿಯಲಿ. ವಿಧಾನಸಭೆಯಲ್ಲಿ 224 ಸದಸ್ಯರು, ವಿಧಾನ ಪರಿಷತ್ತಿನಲ್ಲಿ 75, ಒಟ್ಟು 299. ತಿಂಗಳಿಗೆ 40,000 ಹೆಚ್ಚಾದರೆ ಒಬ್ಬರಿಗೆ ವರ್ಷಕ್ಕೆ 4.8 ಲಕ್ಷ. ಎಲ್ಲರನ್ನೂ ಸಾಮಾನ್ಯ ಶಾಸಕರೆಂದೇ ಎಣಿಸಿದರೆ ವರ್ಷಕ್ಕೆ 14.35 ಕೋಟಿ. ಸಚಿವರ ಹೆಚ್ಚಳ ಇನ್ನಷ್ಟು ದೊಡ್ಡದಾದ್ದರಿಂದ ಒಂದು ಕೋಟಿಯಷ್ಟು ಕೂಡಿಸಿಕೊಳ್ಳಿ. ಆದರೆ ಈ ಮಸೂದೆಗಳಿಂದ ಬೊಕ್ಕಸಕ್ಕೆ ವರ್ಷಕ್ಕೆ ಬೀಳುವ ಹೆಚ್ಚುವರಿ ಹೊರೆ 62 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು. ಉಳಿದ 46 ಕೋಟಿ ಎಲ್ಲಿಯದು?

ಭತ್ಯೆ ಮತ್ತು ಪಿಂಚಣಿಯದು. ಕ್ಷೇತ್ರ ಸಂಚಾರ, ದೂರವಾಣಿ, ಅಂಚೆ, ಆಪ್ತ ಸಹಾಯಕ, ವೈದ್ಯಕೀಯ ವೆಚ್ಚ, ರೈಲು-ವಿಮಾನ ಪ್ರಯಾಣ, ಅಧಿವೇಶನದ ದಿನಭತ್ಯೆ, ಹೀಗೆ ಪಟ್ಟಿ ಬೆಳೆಯುತ್ತದೆ. ಪತ್ರಿಕೆಯ ತಲೆಬರಹದಲ್ಲಿ ಬರುವುದು ಸಂಬಳ; ಹೊರೆಯ ಹೆಚ್ಚಿನ ಪಾಲು ಇರುವುದು ತಲೆಬರಹದ ಕೆಳಗೆ. ಶಾಸಕರ ಖರ್ಚಿನ ಲೆಕ್ಕ ನೋಡುವವರು ‘ವೇತನ’ ಎಂಬ ಒಂದು ಸಾಲು ಓದಿ ನಿಲ್ಲಬಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಿಕೊಳ್ಳಬೇಕು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಅದು ಶಾಸಕರ ಜೇಬಿಗೆ ಹೋಗುವ ಹಣವಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಜಿಲ್ಲಾಧಿಕಾರಿಗಳ ಮೂಲಕ ಹಣ ಬಿಡುಗಡೆಯಾಗುತ್ತದೆ. ಸಂಬಳದ ಲೆಕ್ಕಕ್ಕೆ ಇದನ್ನು ಸೇರಿಸುವುದು ನ್ಯಾಯವಲ್ಲ.

62 ಕೋಟಿ ದೊಡ್ಡ ಮೊತ್ತವೇ? 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ. ಅಂದರೆ ಸುಮಾರು 6,600 ರೂಪಾಯಿಯಲ್ಲಿ ಒಂದು ರೂಪಾಯಿ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ತಲೆಗೆ ಹಂಚಿದರೆ ಹೆಚ್ಚುವರಿ ಹೊರೆ ವರ್ಷಕ್ಕೆ ಹತ್ತು ರೂಪಾಯಿ. ಒಂದು ಕಪ್ ಚಹಾ. ಅದೇ ಗಣತಿಯಲ್ಲಿ 21.77 ಲಕ್ಷ ಜನರಿದ್ದ ವಿಜಯಪುರ ಜಿಲ್ಲೆಯ ಪಾಲು ಸುಮಾರು 2.2 ಕೋಟಿ. ಒಬ್ಬ ಶಾಸಕರ ಒಂದು ವರ್ಷದ ಪ್ರದೇಶಾಭಿವೃದ್ಧಿ ನಿಧಿಗಿಂತ ತುಸು ಹೆಚ್ಚು.

ಆದ್ದರಿಂದ ಶಾಸಕರ ಸಂಬಳದಿಂದ ರಾಜ್ಯ ದಿವಾಳಿಯಾಗುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿಲ್ಲ. ಆದರೆ ಇಷ್ಟಕ್ಕೇ ವಿಷಯ ಮುಗಿಯುವುದೂ ಇಲ್ಲ.

ಬಡಿಸುವವರೂ ಅವರೇ

ರಾಜ್ಯ ಶಾಸಕರ ಸಂಬಳ-ಭತ್ಯೆಗಳನ್ನು ಅದೇ ಶಾಸನಸಭೆ ಕಾನೂನಿನ ಮೂಲಕ ನಿಗದಿ ಮಾಡಬೇಕು ಎಂದು ಸಂವಿಧಾನದ 195ನೇ ವಿಧಿ ಹೇಳುತ್ತದೆ. ಅಂದರೆ ಪಂಕ್ತಿಯಲ್ಲಿ ಕೂತವರೂ ಅವರೇ, ಸೌಟು ಹಿಡಿದವರೂ ಅವರೇ. ಇದು ಕಾನೂನುಬದ್ಧ, ನಿಜ. ಆದರೆ ಸೌಟು ತನ್ನ ಕೈಯಲ್ಲೇ ಇರುವಾಗ ಎಲೆಯ ಮೇಲೆ ಎಷ್ಟು ಬಿತ್ತು ಎಂಬುದನ್ನು ಎಲ್ಲರೆದುರು ಹೇಳುವ ಹೊಣೆ ಹೆಚ್ಚುತ್ತದೆ. ಗದ್ದಲದಲ್ಲಿ ಪಾಸಾದ ಮಸೂದೆ ಆ ಹೊಣೆಯಿಂದ ನುಣುಚಿಕೊಳ್ಳುತ್ತದೆ.

ಅದೇ ಬೊಕ್ಕಸದಿಂದ ಸಂಭಾವನೆ ಪಡೆಯುವ ಇತರರನ್ನು ನೋಡಿ. 2025ರ ಮಾರ್ಚ್ 7ರ ಬಜೆಟ್ಟಿನಲ್ಲಿ ಅತಿಥಿ ಶಿಕ್ಷಕರ ಗೌರವಧನಕ್ಕೆ ತಿಂಗಳಿಗೆ 2,000 ರೂಪಾಯಿ, ಅಂಗನವಾಡಿ ಕಾರ್ಯಕರ್ತೆಯರಿಗೆ 1,000, ಬಿಸಿಯೂಟದ ಅಡುಗೆಯವರಿಗೆ 1,000 ರೂಪಾಯಿ ಹೆಚ್ಚಳ ಪ್ರಕಟವಾಯಿತು. ಎರಡು ವಾರ ಕಳೆದ ಮೇಲೆ ಶಾಸಕರಿಗಾದ ಹೆಚ್ಚಳ 40,000. ಶಾಲೆಯಲ್ಲಿ ಗಣಿತ ಹೇಳಿಕೊಡುವ ಅತಿಥಿ ಶಿಕ್ಷಕರು, ಅನ್ನ-ಸಾರು ಬಡಿಸುವ ಅಡುಗೆಯವರು ಮನವಿ ಕೊಡಬೇಕು, ಧರಣಿ ಕೂರಬೇಕು, ಬಜೆಟ್ಟಿನವರೆಗೆ ಕಾಯಬೇಕು. ಮಕ್ಕಳ ಕಣ್ಣಿಗೂ ಬೀಳುವ ಅಂತರ ಇದು.

ಶಾಸಕರ ಕಡೆಯ ವಾದವನ್ನೂ ಕೇಳಬೇಕು. ಎರಡು ಲಕ್ಷಕ್ಕೂ ಮಿಕ್ಕಿದ ಮತದಾರರು, ಹತ್ತಾರು ಹಳ್ಳಿಗಳು. ವಿಜಯಪುರದಿಂದ ಬೆಂಗಳೂರಿಗೆ 500 ಕಿ.ಮೀ.ಗೂ ಹೆಚ್ಚು ದಾರಿ. ಬೆಳಗಾದರೆ ಮನೆಯ ಮುಂದೆ ಜನ, ಅವರಿಗೆ ಚಹಾ, ಆಸ್ಪತ್ರೆಗೊಂದು ನೆರವು, ಮದುವೆಗೊಂದು ಮುಯ್ಯಿ. ಪ್ರಾಮಾಣಿಕನಾದವನು ಇದನ್ನೆಲ್ಲ ಎಲ್ಲಿಂದ ತರಬೇಕು? ಈ ಪ್ರಶ್ನೆಯಲ್ಲಿ ಸತ್ಯವಿದೆ. ಜನರೂ ಶಾಸಕರಿಂದ ಕಾನೂನಿನ ಕೆಲಸಕ್ಕಿಂತ ಕೈಗಡವನ್ನೇ ಹೆಚ್ಚು ಬಯಸಿದರೆ ತಪ್ಪು ಒಬ್ಬರದಲ್ಲ. ಆದರೆ ಬಡವನೂ ಶಾಸಕನಾಗಲಿ ಎಂಬ ಮೂಲ ಉದ್ದೇಶ ಈಡೇರಿದೆಯೇ? 2023ರಲ್ಲಿ ಗೆದ್ದ 223 ಶಾಸಕರ ಪ್ರಮಾಣಪತ್ರಗಳನ್ನು ಪ್ರಜಾಸತ್ತಾತ್ಮಕ ಸುಧಾರಣಾ ಸಂಘ, ಅಂದರೆ ಎಡಿಆರ್, ಪರಿಶೀಲಿಸಿದಾಗ 217 ಮಂದಿ ಕೋಟ್ಯಧಿಪತಿಗಳೆಂದು ಕಂಡುಬಂತು. ಸಂಬಳ ಎಷ್ಟೇ ಏರಲಿ, ಚುನಾವಣೆಯ ಖರ್ಚು ಇಳಿಯದೆ ಬಡವನಿಗೆ ಆ ಬಾಗಿಲು ತೆರೆಯದು.

ಬೇರೆಯವರು ಬೇರೆ ದಾರಿ ಹುಡುಕಿದ್ದಾರೆ. ಬ್ರಿಟನ್ನಿನಲ್ಲಿ 2009ರಲ್ಲಿ ಸಂಸತ್ ಸದಸ್ಯರ ಖರ್ಚಿನ ಹಗರಣ ಬಯಲಾದ ಮೇಲೆ ಸ್ವತಂತ್ರ ಪ್ರಾಧಿಕಾರವೊಂದನ್ನು ರಚಿಸಲಾಯಿತು. ಅಲ್ಲಿ ಸದಸ್ಯರ ಸಂಬಳ ಗೊತ್ತುಮಾಡುವುದು ಈಗ ಆ ಪ್ರಾಧಿಕಾರವೇ. ನಮ್ಮ ಸಂಸತ್ ಸದಸ್ಯರ ವೇತನವನ್ನು 2018ರ ಹಣಕಾಸು ಕಾಯಿದೆ ಬೆಲೆಯೇರಿಕೆಯ ಸೂಚ್ಯಂಕಕ್ಕೆ ಕಟ್ಟಿಹಾಕಿತು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಅದರಂತೆ 1 ಲಕ್ಷವಿದ್ದದ್ದು 2023ರ ಏಪ್ರಿಲ್‌ನಿಂದ ಅನ್ವಯವಾಗುವಂತೆ 1.24 ಲಕ್ಷವಾಯಿತು. ಐದು ವರ್ಷಕ್ಕೆ ಶೇ 24. ನಮ್ಮ ಶಾಸಕರದು ಮೂರು ವರ್ಷಕ್ಕೆ ಶೇ 100. ಪಂಜಾಬಿನಲ್ಲಿ ಎಷ್ಟು ಸಲ ಗೆದ್ದಿದ್ದರೆ ಅಷ್ಟು ಪಿಂಚಣಿ ಕೂಡುತ್ತಿದ್ದ ಪದ್ಧತಿ 2022ರಲ್ಲಿ ರದ್ದಾಗಿ ‘ಒಬ್ಬ ಶಾಸಕ, ಒಂದು ಪಿಂಚಣಿ’ ಬಂತು.

ದುಡಿಮೆಯ ದಿನ

ಕೂಲಿ ಎಂದರೆ ಕೆಲಸದ ಲೆಕ್ಕವೂ ಬೇಕು. ಕರ್ನಾಟಕದಲ್ಲಿ 2005ರದ್ದೊಂದು ಕಾನೂನಿದೆ. ವರ್ಷಕ್ಕೆ ಕನಿಷ್ಠ 60 ದಿನ ವಿಧಾನ ಮಂಡಲ ಸೇರಬೇಕು ಎಂದು ಅದು ಹೇಳುತ್ತದೆ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನ ಸೌಧವೂ ಎದ್ದು ನಿಂತಿತು. ಆದರೂ 60 ದಿನಗಳ ಗುರಿ ಮುಟ್ಟದ ವರ್ಷಗಳೇ ಹೆಚ್ಚು. ಶಾಲೆಯಲ್ಲಿ ಹಾಜರಿ ಶೇ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಲು ತೊಡಕು ಎಂದು ಮಕ್ಕಳಿಗೆ ಗೊತ್ತು. ತಾವೇ ಮಾಡಿದ ಹಾಜರಿಯ ನಿಯಮವನ್ನು ತಾವೇ ಮುರಿದವರು ವೇತನ ದುಪ್ಪಟ್ಟು ಮಾಡಿಕೊಂಡಾಗ ಏಳುವ ಪ್ರಶ್ನೆ ಹೊಟ್ಟೆಕಿಚ್ಚಿನದಲ್ಲ.

ಲೆಕ್ಕ ಕೇಳುವ ಊರು

ಈ ನಾಲ್ಕು ಊರುಗಳಲ್ಲಿ ಬಾಗೇವಾಡಿಯ ಹೆಸರಿಗೇ ಬೊಕ್ಕಸದ ನಂಟಿದೆ. ಅಲ್ಲಿ ಹುಟ್ಟಿದ ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವನು. ಭಂಡಾರದ ಹಣ ಪೋಲಾಗಿದೆ ಎಂದು ಆಗದವರು ದೂರಿದಾಗ ಅರಸ ಲೆಕ್ಕ ನೋಡಿಸಿದನೆಂದೂ, ಒಂದು ಕಾಸೂ ಕಡಿಮೆ ಬರಲಿಲ್ಲವೆಂದೂ ಪುರಾಣ-ಕಾವ್ಯಗಳು ಹೇಳುತ್ತವೆ. ಕಥೆಯ ಪವಾಡವನ್ನು ಬದಿಗಿಟ್ಟು ತಿರುಳನ್ನು ನೋಡಿದರೆ ಸಾಕು: ಎಷ್ಟೇ ದೊಡ್ಡವನಾಗಲಿ, ಭಂಡಾರ ಮುಟ್ಟಿದವನು ಲೆಕ್ಕ ತೋರಿಸಬೇಕು; ಕೇಳಿದಾಗ ಸಿಟ್ಟಾಗಬಾರದು.

ಇಂದು ಅರಸನ ಜಾಗದಲ್ಲಿ ಇರುವವರು ಪ್ರಜೆಗಳು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಯಾವ ನಾಗರಿಕರೂ ಅರ್ಜಿ ಹಾಕಬಹುದು. ಶಾಸಕರ ಸಂಬಳ-ಭತ್ಯೆಗೆ ವರ್ಷದಲ್ಲಿ ಎಷ್ಟು ಖರ್ಚಾಯಿತು, ಅಧಿವೇಶನ ಎಷ್ಟು ದಿನ ನಡೆಯಿತು, ತಮ್ಮ ಕ್ಷೇತ್ರದ ಪ್ರತಿನಿಧಿ ಎಷ್ಟು ದಿನ ಹಾಜರಿದ್ದರು ಎಂದು ವಿಧಾನ ಮಂಡಲದ ಸಚಿವಾಲಯವನ್ನು ಕೇಳಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು. ಪೌರನೀತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮನೆಗೆಲಸ ಇನ್ನೊಂದಿಲ್ಲ.

ಇಲ್ಲದಿದ್ದರೆ ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ನಿಜವಾಗಿಯೇ ಉಳಿಯುತ್ತದೆ. ಶಾಸಕರ ಹೆಚ್ಚಿದ ಸಂಬಳ-ಭತ್ಯೆಗೆ ಪ್ರತಿಯೊಬ್ಬರ ಪಾಲು ವರ್ಷಕ್ಕೆ ಹತ್ತು ರೂಪಾಯಿ. ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದಲ್ಲಿ ಗೊತ್ತುಮಾಡಿರುವ ಶುಲ್ಕವೂ ಹತ್ತು ರೂಪಾಯಿಯೇ. ಮೊದಲನೆಯದನ್ನು ನಾಲ್ಕೂ ತಾಲ್ಲೂಕಿನವರು ತಿಳಿಯದೆಯೇ ಕೊಟ್ಟಾಗಿದೆ. ಎರಡನೆಯದನ್ನು ಕೊಡಬೇಕೋ ಬೇಡವೋ ಎಂಬುದು ಅವರ ಕೈಯಲ್ಲಿದೆ.