ಮೆಣಸು ಸೇರಿದ ಊರಲ್ಲಿ ಮಳೆ

ಮಳೆ ಬೆಳಗಿನ ಜಾವದಿಂದಲೇ ಹಿಡಿದಿತ್ತು. ಲಿಸ್ಬನ್ನಿನ ರೊಸ್ಸಿಯೊ ಚೌಕದಲ್ಲಿ ನೆಲಕ್ಕೆ ಹಾಸಿದ ಕಪ್ಪು-ಬಿಳಿ ಕಲ್ಲಿನ ಅಲೆಗಳು ನೀರು ಕುಡಿದು ನಿಜಕ್ಕೂ ತೂಗುವಂತೆ ಕಾಣುತ್ತಿದ್ದವು. ಬಿಳಿಯದು ಸುಣ್ಣಕಲ್ಲು, ಕಪ್ಪು ಬಸಾಲ್ಟ್. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ತುಂಡುಗಳು, ಒಂದೊಂದನ್ನೂ ಕೈಯಿಂದಲೇ ಕೂರಿಸಿದ್ದು. ತಲೆಮಾರುಗಳ ಕಾಲು ಸವೆಸಿ ನುಣುಪಾದ ಆ ಕಲ್ಲು ಮಳೆಯಲ್ಲಿ ಎಣ್ಣೆ ಸುರಿದಂತೆ ಜಾರುತ್ತದೆ.

"ಮಾರಾಯ್ತಿ, ಹೆಬ್ಬೆರಳು ಊರಿ ನಡಿ. ಆಷಾಢದಲ್ಲಿ ನಮ್ಮನೆ ಅಂಗಳದಲ್ಲಿ ನಡೀತಿದ್ದೆವಲ್ಲ, ಹಾಗೆ" ಎಂದಳು ಗೆಳತಿ.

ಕುಮಟೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು ನಾವು. ಅವಳು ಈ ಊರಿಗೆ ಬಂದು ನೆಲೆಸಿ ಎಂಟು ವರ್ಷ. ನಮ್ಮ ಜೊತೆಗೆ ಅವಳ ಸಹೋದ್ಯೋಗಿ, ಲಿಸ್ಬನ್ನಿನಲ್ಲೇ ಹುಟ್ಟಿ ಬೆಳೆದವಳು. ಮಳೆ ಬಂತೆಂದು ಊರು ತೋರಿಸುವ ದಿನವನ್ನು ಮುಂದೂಡಲು ಇಬ್ಬರೂ ಒಪ್ಪಲಿಲ್ಲ. ಮೂರು ಕೊಡೆ ಬಿಚ್ಚಿಕೊಂಡು ಏರು ಹತ್ತಿದೆವು.

ಏರಿನ ತುದಿಯಲ್ಲಿ ಕಾರ್ಮೊ ಮಠ. 1389ರಲ್ಲಿ ಕಟ್ಟಲು ತೊಡಗಿದ ಈ ಮಠದ ಇಗರ್ಜಿಗೆ ಈಗ ಮಾಡು ಇಲ್ಲ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ ಭೂಮಿ ನಡುಗಿತು. ಹಿಂದೆಯೇ ಸಮುದ್ರ ಉಕ್ಕಿತು, ಬೆಂಕಿ ದಿನಗಟ್ಟಲೆ ಉರಿಯಿತು. ಊರನ್ನು ಮತ್ತೆ ಕಟ್ಟಿದರೂ ಇಲ್ಲಿಯ ಮಾಡನ್ನು ಮುಚ್ಚಲಿಲ್ಲ. ಕಮಾನುಗಳು ಮಾತ್ರ ಆಕಾಶಕ್ಕೆ ಪಕ್ಕೆಲುಬು ಚಾಚಿದಂತೆ ನಿಂತಿವೆ. ಮಳೆ ನೇರವಾಗಿ ಒಳಗೇ ಸುರಿಯುತ್ತಿತ್ತು. ಒಂದು ಕಂಬದ ಮೈಯ ಬಿರುಕಿನಲ್ಲಿ ಎಳೆ ಜರಿಗಿಡವೊಂದು ಬೇರೂರಿತ್ತು. ಕಮಾನಿನ ಅಂಚಿನಿಂದ ಬೀಳುವ ಹನಿ ಅದರ ಎಲೆಯನ್ನು ಬಾಗಿಸುತ್ತಿತ್ತು, ಹನಿ ಜಾರಿದೊಡನೆ ಎಲೆ ಮತ್ತೆ ತಲೆಯೆತ್ತುತ್ತಿತ್ತು. ಎಷ್ಟೋ ಹೊತ್ತು ಮೂವರೂ ಮಾತಾಡದೆ ಅದನ್ನೇ ನೋಡುತ್ತ ನಿಂತೆವು. ಬಿಸಿಲಿನ ದಿನ ಬಂದಿದ್ದರೆ ಕಮಾನುಗಳ ಫೋಟೊ ಹಿಡಿದು ಹೊರಟುಬಿಡುತ್ತಿದ್ದೆನೋ ಏನೋ.

ಅಲ್ಲಿಂದ ಇಳಿದು 15ನೇ ನಂಬರಿನ ಟ್ರಾಮ್ ಹಿಡಿದು ಬೆಲೇಂಗೆ ಹೊರಟೆವು. ಕಿಟಕಿಯ ಮಂಜನ್ನು ಅಂಗೈಯಿಂದ ಒರೆಸಿದರೆ ತೇಜು ನದಿ. ಕಡಲು ಸೇರುವ ಮುನ್ನ ಅದು ಎಷ್ಟು ಹರವಾಗುತ್ತದೆಂದರೆ, ಮಳೆಯಲ್ಲಿ ಆಚೆ ದಡವೇ ಕರಗಿಹೋಗಿತ್ತು. ಗೆಳತಿ ಮೆಲ್ಲಗೆ "ಅಘನಾಶಿನಿ" ಎಂದಳು. ನನಗೂ ನಮ್ಮೂರಿನ ಆ ನದಿಯೇ ನೆನಪಾಗಿತ್ತು.

ಬೆಲೇಂನಲ್ಲಿ 1837ರಿಂದ ನಡೆದುಬಂದ ಮಿಠಾಯಿ ಅಂಗಡಿಯೊಂದಿದೆ. ಪಕ್ಕದ ಜೆರೊನಿಮೋಸ್ ಮಠದಲ್ಲಿ ಹುಟ್ಟಿದ ಪಾಕ ಅದರದು. 1834ರಲ್ಲಿ ದೇಶದ ಮಠಗಳನ್ನು ಮುಚ್ಚಿಸಿದಾಗ ಆ ಗುಟ್ಟು ಹೊರಬಂದು ಅಂಗಡಿ ಸೇರಿತಂತೆ. ನೀಲಿ-ಬಿಳಿ ಹೆಂಚಿನ ಗೋಡೆಗಳ ನಡುವೆ ಕೂತೆವು. ಒಲೆಯಿಂದ ಆಗತಾನೇ ತೆಗೆದ ಪುಟ್ಟ ಬಟ್ಟಲಿನಂಥ ತಿನಿಸು ಬಂತು. ಪದರು ಪದರಾದ ಹಿಟ್ಟಿನ ಅಂಚು, ಒಳಗೆ ಹಾಲು-ಸಕ್ಕರೆ-ಮೊಟ್ಟೆಯ ಹಳದಿ ಕೆನೆ, ನೆತ್ತಿಯಲ್ಲಿ ಸುಟ್ಟ ಕಪ್ಪು ಮಚ್ಚೆ. ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ ಕಚ್ಚಿದೆ. ಅಂಚು ಹಪ್ಪಳದಂತೆ ಮುರಿದು ಬಿಸಿ ಕೆನೆ ನಾಲಿಗೆಗೆ ಹತ್ತಿತು. ಒದ್ದೆ ಕಾಲಿನ ಚಳಿ ಅಲ್ಲೇ ಮರೆತುಹೋಯಿತು.

ಮಠದ ಇಗರ್ಜಿಯೊಳಗೆ ಕಾಲಿಟ್ಟಾಗ ಮಳೆಯ ಸದ್ದು ತಟ್ಟನೆ ನಿಂತಿತು. ತೆಂಗಿನ ತೋಟದೊಳಗೆ ಹೊಕ್ಕಂತೆ ಎತ್ತೆತ್ತರದ ಕಂಬಗಳು, ತುದಿಯಲ್ಲಿ ಗರಿಯಂತೆ ಹರಡಿದ ಕಮಾನುಗಳು. ದೊರೆ ಒಂದನೇ ಮನುವೆಲ್ ಇದನ್ನು ಕಟ್ಟಿಸಿದ್ದು ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ. 5ರ ಸುಂಕದಿಂದ. ಆ ಸುಂಕದ ಹೆಸರಲ್ಲೇ ಕಾಳುಮೆಣಸಿತ್ತು. ಬಾಗಿಲ ಹತ್ತಿರವೇ ವಾಸ್ಕೋ ಡ ಗಾಮನ ಸಮಾಧಿ. ಕೈಮುಗಿದು ಮಲಗಿದ ಕಲ್ಲಿನ ಮೂರ್ತಿ, ಕೆಳಗೆ ಕೆತ್ತಿದ ಹಡಗು. 1497ರ ಜುಲೈಯಲ್ಲಿ ಈ ದಂಡೆಯಿಂದಲೇ ಹೊರಟವನು ಮರಳುವ ದಾರಿಯಲ್ಲಿ ನಮ್ಮ ಕಾರವಾರದ ಬಳಿಯ ಅಂಜದೀವದಲ್ಲಿ ಹಡಗು ದುರಸ್ತಿ ಮಾಡಿಸಿಕೊಂಡ. 1502ರಲ್ಲಿ ಮತ್ತೆ ಬಂದಾಗ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು, ಹೆಂಗಸರು ಮಕ್ಕಳಿದ್ದಂತೆಯೇ ಸುಟ್ಟ. 1524ರಲ್ಲಿ ಕೊಚ್ಚಿಯಲ್ಲಿ ಸತ್ತ. ಕೈಮುಗಿದ ಮೂರ್ತಿಯ ಮುಂದೆ ನನಗೆ ಕೈಮುಗಿಯಲು ಮನಸ್ಸಾಗಲಿಲ್ಲ. ಲಿಸ್ಬನ್ನಿನ ಗೆಳತಿ ನನ್ನ ಮುಖ ನೋಡಿ, "ಇದನ್ನೆಲ್ಲ ನಮಗೆ ಶಾಲೆಯಲ್ಲಿ ಹೇಳಲಿಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಮಿರ್ಜಾನ ಕೋಟೆಯ ಬಗ್ಗೆ, ಪೋರ್ಚುಗೀಸರೇ 'ಮೆಣಸಿನ ರಾಣಿ' ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬಗ್ಗೆ ನಾವು ಹೇಳಿದೆವು. ಕಂಬಕ್ಕೊರಗಿ ಕೊನೆವರೆಗೂ ಕೇಳಿದಳು.

ಸಂಜೆ ಅಲ್ಫಾಮದ ಇಕ್ಕಟ್ಟು ಓಣಿಯಲ್ಲಿ ಆರೇ ಮೇಜಿನ ಊಟದ ಮನೆ. ಒದ್ದೆ ಕೊಡೆಗಳು ಬಾಗಿಲ ಮೂಲೆಯಲ್ಲಿ ನೀರು ಸುರಿಸುತ್ತಿದ್ದವು. ಮೊದಲು ಬಂದದ್ದು ಬಟಾಟೆ ಅರೆದು ಮಾಡಿದ ಬಿಸಿ ಸಾರು, ಅದರಲ್ಲಿ ನೂಲಿನಂತೆ ಹೆಚ್ಚಿದ ಹಸಿರು ಸೊಪ್ಪು. ಆಮೇಲೆ ಬಕಲ್ಯಾವ್, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಈ ಮೀನು ಇಲ್ಲಿಯ ಕಡಲಲ್ಲಿ ಸಿಗುವುದಿಲ್ಲ, ದೂರದ ಉತ್ತರದಿಂದ ಬರಬೇಕು. ನೀರು ಬದಲಿಸುತ್ತ ಒಂದೆರಡು ದಿನ ನೆನೆಸಿ ಉಪ್ಪು ಬಿಡಿಸಿದ ಮೇಲೆಯೇ ಅಡುಗೆ. ಎಳೆ ಬಿಡಿಸಿದ ಮೀನು, ಕಡ್ಡಿಯಂತೆ ಹೆಚ್ಚಿ ಕರಿದ ಬಟಾಟೆ, ಮೊಟ್ಟೆ ಕೂಡಿಸಿ ಕಲಸಿದ ತಟ್ಟೆ ಮುಂದಿಟ್ಟಾಗ ಮೂಗಿಗೆ ಬಂದದ್ದು ನಮ್ಮ ಮಳೆಗಾಲದ ಅಡುಗೆಮನೆ. ಕಡಲಿಗೆ ಇಳಿಯಲಾಗದ ದಿನಗಳಿಗೆಂದು ಅಮ್ಮ ಡಬ್ಬಿಯಲ್ಲಿ ಕಟ್ಟಿಡುತ್ತಿದ್ದ ಒಣಮೀನಿನ ವಾಸನೆ ಅದು.

ಮಾತು ಮಾತಿಗೆ ಮಾತುಗಳೇ ಸಿಕ್ಕವು. ಅವರ 'ಬತಾತ' ನಮ್ಮ ಬಟಾಟೆ. ಅವರ 'ಪಾವ್ಂ' ನಮ್ಮ ಪಾವ್. 'ಅನನಾಶ್' ಅನಾನಸು, 'ಇಗ್ರೇಜ' ಇಗರ್ಜಿ. ಲಿಸ್ಬನ್ನಿನ ಗೆಳತಿ ಚೀಲದಿಂದ ಮನೆಯ ಕೀಲಿಕೈ ತೆಗೆದು "ಶಾವ್" ಎಂದಳು. "ಚಾವಿ!" ಎಂದು ನಾವಿಬ್ಬರೂ ಒಟ್ಟಿಗೆ ಕೂಗಿದೆವು. ಪೋರ್ಚುಗೀಸರು ತಂದ ಮೆಣಸಿನಕಾಯಿ ನಮ್ಮ ಮೆಣಸಿನ ಹೆಸರನ್ನೇ ಹೊತ್ತುಕೊಂಡಿತು. ಹಳೆಯ ಮೆಣಸು ಕಾಳುಮೆಣಸಾಗಬೇಕಾಯಿತು.

ಲಿಸ್ಬನ್ನಿನ ಗೆಳತಿ ಮೇಜಿನ ಮೇಲಿನ ಮರದ ಗಿರಣಿ ತಿರುಗಿಸಿ ನನ್ನ ತಟ್ಟೆಯ ಮೇಲೆ ಕಾಳುಮೆಣಸು ಉದುರಿಸಿದಳು. ನಮ್ಮ ಮನೆಯ ಅಟ್ಟದ ಘಾಟು ಎದ್ದಿತು. ಆಗ ಕಲ್ಲಿಕೋಟೆಯ ಸಾಮೂದಿರಿಯ ಐತಿಹ್ಯ ಹೇಳಿದೆ: ಪರಂಗಿಯವರು ಮೆಣಸಿನ ಬಳ್ಳಿಯನ್ನೇ ಕೇಳಿದರಂತೆ, ಮಂತ್ರಿ ಗಾಬರಿಯಾದನಂತೆ. ಬಳ್ಳಿ ಒಯ್ಯಲಿ ಬಿಡು, ನಮ್ಮ ತಿರುವಾದಿರ ಮಳೆಯನ್ನು ಒಯ್ಯಲಾರರಲ್ಲ ಎಂದು ಸಾಮೂದಿರಿ ಸಮಾಧಾನ ಹೇಳಿದನಂತೆ. ಆ ಮಳೆ ನಮ್ಮಲ್ಲಿ ಆರಿದ್ರಾ. ಬಳ್ಳಿ ಹೂಬಿಡುವ ಹೊತ್ತಿಗೆ ಮಳೆಹನಿ ಗೊಂಚಲಿನುದ್ದಕ್ಕೂ ಇಳಿದರೆ ಕಾಳು ಚೆನ್ನಾಗಿ ಕಟ್ಟುತ್ತದೆ. ಲಿಸ್ಬನ್ನಿಗೆ ವರ್ಷವಿಡೀ ಬೀಳುವ ಮಳೆ ಸುಮಾರು 750 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ಜುಲೈ ಒಂದೇ ತಿಂಗಳು ಅದನ್ನು ಮೀರಿಸುತ್ತದೆ.

"ನಿಮ್ಮಲ್ಲಿ ಮಳೆಗೂ ಹೆಸರಿದೆಯೇ?" ಎಂದು ಅವಳು ಬೆರಗಾದಳು. ಗೆಳತಿ ಬೆರಳು ಮಡಚುತ್ತ ಎಣಿಸಿದಳು: ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ. ಎಂಟು ವರ್ಷವಾದರೂ ಒಂದೂ ತಪ್ಪಲಿಲ್ಲ.

ಹೊರಗೆ ಓಣಿಯ ಮೆಟ್ಟಿಲುಗಳ ಮೇಲೆ ನೀರು ಹಾಡುತ್ತ ಇಳಿಯುತ್ತಿತ್ತು. ಲಿಸ್ಬನ್ನಿನ ಗೆಳತಿ ಬಾಗಿಲಲ್ಲಿ ಕೊಡೆ ಬಿಚ್ಚುತ್ತ ಒಮ್ಮೆ ತಲೆಯೆತ್ತಿ ನೋಡಿದಳು. ಹೊಸ ತುತ್ತೊಂದರ ರುಚಿ ನೋಡುವಂತೆ ನಿಧಾನವಾಗಿ "ಆರಿದ್ರಾ" ಎಂದಳು.