ಹಂಚಿನ ಮನೆಗೆ ಇನ್ನೊಂದು ಕೋಣೆ

ಉಡುಪಿ, ಕುಂದಾಪುರದ ಕಡೆ ಹಳೆಯ ಹಂಚಿನ ಮನೆಗೆ ಕಾಂಕ್ರೀಟಿನ ಕೋಣೆಯೊಂದು ಅಂಟಿಕೊಂಡಿರುವುದನ್ನು ನೀವು ನೋಡಿರಬಹುದು. ಮನೆಯಲ್ಲಿ ಮದುವೆಯಾಗುತ್ತದೆ, ಇಲ್ಲವೇ ಅಜ್ಜಿಗೆ ಬಚ್ಚಲಿಗೆ ಹತ್ತಿರದ ಕೋಣೆ ಬೇಕಾಗುತ್ತದೆ. ಹಿತ್ತಲ ಗೋಡೆಗೆ ತಾಗಿಸಿ ಚಪ್ಪಟೆ ತಾರಸಿ ಹಾಕುತ್ತಾರೆ. ಹಂಚು ಮತ್ತು ತಾರಸಿ ಕೂಡುವ ಸಂದಿಯಲ್ಲಿ ಮಳೆಗಾಲದಲ್ಲಿ ನೀರಿಳಿಯತೊಡಗುತ್ತದೆ. ಚಿತ್ರೀಕರಣಕ್ಕೆ ಹೋದ ಮನೆಗಳಲ್ಲಿ ಆ ಸಂದಿಯ ಕೆಳಗೆ ಬಕೆಟ್ ಇಟ್ಟಿದ್ದನ್ನು ಕಂಡಿದ್ದೇನೆ. ಕರಾವಳಿಯ ಮಳೆ ಸಾಮಾನ್ಯವಾಗಿ ವರ್ಷಕ್ಕೆ 3,500 ಮಿಲಿಮೀಟರ್ ದಾಟುತ್ತದೆ. ಬಕೆಟ್ಟಿಗೆ ಅದು ಸಗ್ಗುವಂಥದ್ದಲ್ಲ.

ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ, ಲೆಕ್ಕ ನೋಡಿ. ಮಂಗಳೂರು ಹಂಚಿನ ಮಾಡಿಗೆ ಸುಮಾರು 30 ಡಿಗ್ರಿ ಇಳಿಜಾರು ಬೇಕು. ತೀರ ಕಡಿಮೆಯಾದರೆ ಗಾಳಿಯೊಡನೆ ಬರುವ ಮಳೆ ಹಂಚಿನ ಸಂದಿಯೊಳಕ್ಕೆ ನುಗ್ಗುತ್ತದೆ. ನಿಮ್ಮ ತ್ರಿಕೋನಮಿತಿಯ ಪಾಠ ನೆನಪಿಸಿಕೊಳ್ಳಿ: 30 ಡಿಗ್ರಿಯ ಟ್ಯಾನ್ ಬೆಲೆ 0.577. ಅಂದರೆ ಮಾಡು 10 ಅಡಿ ಮುಂದೆ ಹೋದರೆ 5.8 ಅಡಿ ಕೆಳಗಿಳಿಯುತ್ತದೆ. ಗೋಡೆಯ ಬಳಿ 9 ಅಡಿ ಎತ್ತರವಿರುವ ಮಾಡನ್ನು ಹಾಗೆಯೇ ಮುಂದುವರಿಸಿದರೆ ಹೊಸ ಕೋಣೆಯ ಆಚೆ ಗೋಡೆಗೆ ಉಳಿಯುವುದು 3 ಅಡಿ ಚಿಲ್ಲರೆ. ಅಲ್ಲಿ ಬೆಕ್ಕು ನಿಲ್ಲಬಹುದು, ಅಜ್ಜಿ ನಿಲ್ಲಲಾರರು. ಆದ್ದರಿಂದಲೇ ಜನ ಇಳಿಜಾರನ್ನು ಕೈಬಿಟ್ಟು ತಾರಸಿಗೆ ಹೋಗುತ್ತಾರೆ. ಹಳೆಯ ಜಗಲಿಗಳು ಕಿರಿದಾಗಿರುವುದಕ್ಕೂ ಇದೇ ಲೆಕ್ಕ ಕಾರಣವೆಂದು ನನಗನಿಸುತ್ತದೆ.

ದಾರಿಯೇನು? ಮನೆಯನ್ನು ಅಗಲಕ್ಕೆ ಬೆಳೆಸದೆ ಉದ್ದಕ್ಕೆ ಬೆಳೆಸುವುದು. ಮಾಡಿನ ನೆತ್ತಿ ಯಾವ ದಿಕ್ಕಿಗೆ ಓಡುತ್ತದೋ ಅದೇ ದಿಕ್ಕಿಗೆ ಕೋಣೆ ಸೇರಿಸಿದರೆ ಎತ್ತರ ಕುಗ್ಗುವುದಿಲ್ಲ, ನಡುವೆ ನೀರಿನ ದಂಬೆಯೂ ಬೇಡ. ನಾಲ್ಕೂ ಕಡೆ ಇಳಿಜಾರಿದ್ದರೆ ಆ ತುದಿಯ ಮಾಡನ್ನು ಬಿಚ್ಚಿ ಮುಂದಕ್ಕೆ ಒಯ್ಯಬೇಕು. ಕೆಲಸ ಹೆಚ್ಚು, ನಿಜ. ಆದರೆ ಪಕ್ಕಾಸು, ರೀಪು, ಹಂಚು ಎಲ್ಲವೂ ಬಿಚ್ಚಿ ಮತ್ತೆ ಜೋಡಿಸಬಹುದಾದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ತಯಾರಿಸಲಾರಂಭಿಸಿದ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಈ ಹಂಚಿನ ಜಾಣತನವೇ ಅದು. ಒಂದು ಎಚ್ಚರಿಕೆ: ಬೇರೆ ಬೇರೆ ಅಚ್ಚಿನ ಹಂಚುಗಳು ಸರಿಯಾಗಿ ಕೂರುವುದಿಲ್ಲ. ಹಳೆಯ ಹಂಚೊಂದನ್ನು ಕೈಯಲ್ಲಿ ಹಿಡಿದೇ ಹೊಸದನ್ನು ಕೊಳ್ಳಲು ಹೋಗಬೇಕು.

ಗೋಡೆಗೆ ಕೆಂಪು ಮುರಕಲ್ಲು ಸಾಕು. ಅದು ರಂಧ್ರಗಳ ಕಲ್ಲು, ನೀರು ಕುಡಿಯುತ್ತದೆ. ಸೂರು ಎರಡೂವರೆ ಅಡಿಯಾದರೂ ಹೊರಚಾಚಿರಲಿ. ಸಮುದ್ರ ಹತ್ತಿರವಿದ್ದರೆ ತಾರಸಿಯ ಕಬ್ಬಿಣಕ್ಕೆ ಉಪ್ಪುಗಾಳಿಯ ಕಾಟ ಬೇರೆ: ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿಯುತ್ತದೆ.

ಉದ್ದಕ್ಕೆ ಜಾಗವೇ ಇಲ್ಲದಿದ್ದರೆ ಕೋಣೆಯನ್ನು ಏಳೆಂಟು ಅಡಿ ದೂರ ಕಟ್ಟಿ, ಅದಕ್ಕೆ ಅದರದೇ ಮಾಡು ಹಾಕಿ. ಎರಡೂ ಮಾಡಿನ ನೀರು ನಡುವಿನ ಅಂಗಳಕ್ಕೆ ಬೀಳಲಿ. ಅಜ್ಜಿ ದಾಟುವ ಕಡೆ ಮಾತ್ರ ಎರಡೂ ಸೂರುಗಳ ಕೆಳಗೆ ಸೇರುವಂತೆ ಸಣ್ಣದೊಂದು ಮಾಡು, ನೆಲ ಮೆಟ್ಟಿಲಿಲ್ಲದೆ ಸಮವಾಗಿ.